ಗೋಡೆಯ ಕೆಳಗೆ ನಿಂತ ಮಹಾಮತ್ಸ್ಯ

1946ರಲ್ಲಿ ಸಿಕ್ಕ 120 ಪೌಂಡಿನ ಒಂದೇ ಒಂದು ಮೀನು ಕಬಿನಿಯ ಹೆಸರನ್ನು ಲೋಕಕ್ಕೆಲ್ಲ ಸಾರಿತು. ಇಂದು ಆ ಮೀನಿನ ಕುಲಕ್ಕೇ ಕುತ್ತು ಬಂದಿದೆ. ಹೊಳೆಗೆ ಅಡ್ಡವಾಗಿ ಎದ್ದ ಗೋಡೆಗಳು, ಬರಿದಾದ ಜಲ್ಲಿಹಾಸು, ಹಿತವೆಂದು ನಂಬಿ ತಂದುಬಿಟ್ಟ ಪರಸ್ಥಳದ ಮರಿಗಳು: ಡುಬ್ಬದ ಮಹಶೀರಿನ ಸಂಕಟಕ್ಕೆ ಕಾರಣಗಳು ನಮ್ಮ ಕಣ್ಣೆದುರಿಗೇ ಇವೆ.

ಆರಿದ್ರೆಯ ಮಳೆ ವಯನಾಡಿನ ಬೆಟ್ಟಗಳನ್ನು ಹಿಡಿದು ಎರಡು ಮೂರು ದಿನ ಬಿಡದೆ ಸುರಿಯಿತೆಂದರೆ, ಹೆಗ್ಗಡದೇವನಕೋಟೆಯ ಬಯಲಿನಲ್ಲಿ ಒಂದು ಹನಿ ಬೀಳದೆ ಇದ್ದರೂ ಕಬಿನಿಯ ಬಣ್ಣ ಬದಲಾಗುತ್ತದೆ. ಬೇಸಗೆಯಲ್ಲಿ ತಳ ಕಾಣಿಸುತ್ತಿದ್ದ ನೀರು ಕೆಮ್ಮಣ್ಣಿನ ಕದಡಾಗಿ, ಕೊಚ್ಚಿ ತಂದ ಬಿದಿರುಮೆಳೆಗಳನ್ನೂ ಒಣಸೊಪ್ಪನ್ನೂ ಹೊತ್ತು ಬೀಚನಹಳ್ಳಿಯ ಜಲಾಶಯದೊಳಗೆ ನುಗ್ಗುತ್ತದೆ. ಕೆಲವೇ ವಾರಗಳಲ್ಲಿ ಗೇಟು ಎತ್ತುತ್ತಾರೆ. ಹಾಲಿನ ನೊರೆಯಂತೆ ಧುಮುಕುವ ನೀರನ್ನು ನೋಡಲು ಸುತ್ತಲಿನ ಊರುಗಳ ಜನ ಮಕ್ಕಳುಮರಿಗಳೊಡನೆ ಬಂದು ನೆರೆಯುತ್ತಾರೆ. ಹೊಳೆಗೆ ಬಾಗಿನ ಬಿಡುತ್ತಾರೆ. ನಾಲೆಯ ನೀರನ್ನು ನಂಬಿದ ರೈತ ನಿಟ್ಟುಸಿರು ಬಿಟ್ಟು ಒಟ್ಟಲು ಹಾಕುವ ಯೋಚನೆಗೆ ತೊಡಗುತ್ತಾನೆ.

ಆ ಸಂಭ್ರಮದ ಕೆಳಗೆ, ನೊರೆಯ ಮರೆಯಲ್ಲಿ, ಬೇರೊಂದು ವ್ಯಾಪಾರ ನಡೆದಿರುತ್ತದೆ. ಹೊಸನೀರಿನ ವಾಸನೆ ಮೂಗಿಗೆ ತಾಗಿದೊಡನೆ ಹೊಳೆಯ ಮೀನುಗಳು ಪ್ರವಾಹಕ್ಕೆ ಎದುರಾಗಿ ಹೊರಡುತ್ತವೆ. ಮಲೆನಾಡಿನವರು ‘ಹತ್ತುಮೀನು’ ಎನ್ನುವ ಈ ಯಾತ್ರೆ ಹೊಟ್ಟೆಯಲ್ಲಿ ಮೊಟ್ಟೆ ಹೊತ್ತ ಜೀವಿಗಳ ಯಾತ್ರೆ. ಮೇಲಿನ ತಿಳಿಹೊಳೆಯ ಜಲ್ಲಿಹಾಸನ್ನು ತಲಪದ ಹೊರತು ಅದು ಸಫಲವಾಗದು. ಗೋಡೆಯ ಬುಡಕ್ಕೆ ಬಂದ ಮೀನು ಅಲ್ಲಿಯೇ ಸುಳಿಯುತ್ತದೆ, ಮತ್ತೆ ಮತ್ತೆ ಏರಲು ಹವಣಿಸುತ್ತದೆ. ಬೀಸುಬಲೆಯವರಿಗೆ ಈ ಸಂಗತಿ ಚೆನ್ನಾಗಿ ಗೊತ್ತು. ಗೋಡೆಯ ಆಚೆಗೆ ದಾರಿಯಿಲ್ಲವೆಂಬುದು ಮೀನಿಗೆ ಮಾತ್ರ ಗೊತ್ತಿಲ್ಲ.

ಹೀಗೆ ಏರುವ ಮೀನುಗಳಲ್ಲೆಲ್ಲ ರಾಜನೆನ್ನಿಸಿಕೊಂಡದ್ದು ಒಂದಿತ್ತು. ಕಾವೇರಿಯ ತೀರದವರು ಬಿಳಿಮೀನು ಎಂದು ಕರೆಯುವ ಮಹಶೀರ್ ಬಳಗದಲ್ಲಿಯೇ ಅತ್ಯಂತ ದೊಡ್ಡದು. ಬೆನ್ನಿನ ಮೇಲೆ ಡುಬ್ಬ, ರೆಕ್ಕೆಗಳಲ್ಲಿ ಕಿತ್ತಳೆಯ ಕಾಂತಿ. ಕಾವೇರಿಯ ಜಲಾನಯನವನ್ನು ಬಿಟ್ಟರೆ ಭೂಮಂಡಲದ ಇನ್ನಾವ ನದಿಯಲ್ಲಿಯೂ ಅದು ಹುಟ್ಟಿದುದಲ್ಲ.

ಕಬಿನಿಗೆ ಬಂದ ಕೀರ್ತಿ

1946ರ ಮಾರ್ಚ್ ತಿಂಗಳಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಎಂಬವರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡು, ಎಂದರೆ 54 ಕಿಲೋಗ್ರಾಮಿಗೂ ಮಿಗಿಲಾಗಿ ತೂಗಿತು. ಹುಲಿ, ಚಿರತೆಗಳ ಚರ್ಮವನ್ನು ಹದಮಾಡಿ ಜೀವ ಬಂದಂತೆ ನಿಲ್ಲಿಸುವ ವಿದ್ಯೆಯಲ್ಲಿ ಜಗತ್ಪ್ರಸಿದ್ಧವಾಗಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು ಅವರು. ಅದಕ್ಕೆ ಮುಂಚೆ ಇದೇ ಕಾವೇರಿ ಸೀಮೆಯಲ್ಲಿ ರಿವೆಟ್-ಕಾರ್ನಾಕ್ ಎಂಬ ಆಂಗ್ಲನಿಗೆ ದೊರೆತಿದ್ದ 119 ಪೌಂಡಿನ ಮೀನಿನ ದಾಖಲೆಯನ್ನು ಒಂದೇ ಪೌಂಡಿನಿಂದ ಮೀರಿಸಿದ ಈ ಮೀನು, ಗಾಳಗಾರರ ಲೋಕದಲ್ಲಿ ಕಬಿನಿಯೆಂಬ ಹೆಸರಿಗೆ ಅಳಿಯದ ಪ್ರತಿಷ್ಠೆಯನ್ನು ತಂದುಕೊಟ್ಟಿತು.

ಕಾಕನಕೋಟೆಯ ಖೆಡ್ಡಾದಲ್ಲಿ ಆನೆಗಳ ಹಿಂಡನ್ನು ಕಬಿನಿಯ ನೀರಿಗಿಳಿಸಿ ಹಿಡಿಯುತ್ತಿದ್ದ ವೈಭವವನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಅದೇ ನೀರಿನ ತಳದಲ್ಲಿ, ಬಂಡೆಗಳ ನೆರಳಿನಲ್ಲಿ, ಆಳುದ್ದದ ಮೀನುಗಳು ಇದ್ದುವೆಂಬುದನ್ನು ನೆನೆಯುವವರು ಕಡಿಮೆ. ಆನೆಗೆ ದೊರೆತ ಸ್ಮರಣೆ ಮೀನಿಗೆ ದೊರೆಯಲಿಲ್ಲ.

ಗಾಳಗಾರರ ಪಾಲಿಗೆ ಈ ಮೀನು ಒಡ್ಡಿದ ಪರೀಕ್ಷೆ ಸಾಮಾನ್ಯವಾದುದಲ್ಲ. ಕಾವೇರಿಯ ದಡದಲ್ಲಿ ಅದಕ್ಕೆ ಹಾಕುತ್ತಿದ್ದ ಎರೆಯೂ ನಮ್ಮ ನೆಲದ್ದೇ. ರಾಗಿಹಿಟ್ಟನ್ನು ನೀರು ಹಾಕಿ ಗಟ್ಟಿಯಾಗಿ ನಾದಿ, ಮುದ್ದೆ ಮಾಡಿ ಬೇಯಿಸಿ, ಆರಿದ ಮೇಲೆ ಮತ್ತೆ ಮಿದಿದು, ನಿಂಬೆಯ ಹಣ್ಣಿನಷ್ಟು ದೊಡ್ಡ ಉಂಡೆಯನ್ನು ಗಾಳದ ಕೊಕ್ಕೆಗೆ ಬಿಗಿಯಾಗಿ ಮೆತ್ತುತ್ತಿದ್ದರು. ಹಿಟ್ಟು ಎಳಸಾದರೆ ಸೆಳವಿಗೆ ಕರಗಿ ಹೋಗುತ್ತಿತ್ತು. ಮಹಶೀರಿಗೆ ಬಾಯಲ್ಲಿ ಹಲ್ಲಿಲ್ಲ; ಗಂಟಲಿನಲ್ಲಿ ಇದೆ. ಏಡಿಯ ಚಿಪ್ಪನ್ನೂ ಬಸವನಹುಳುವಿನ ಗೂಡನ್ನೂ ಪುಡಿಮಾಡುವ ಆ ಗಂಟಲಿಗೆ ಸಿಕ್ಕ ಉಕ್ಕಿನ ಕೊಕ್ಕೆಯು ಚಪ್ಪಟೆಯಾಗಿ ಹೊರಬಂದುದನ್ನು ಕಂಡವರುಂಟು.

> ಚೌಕಟ್ಟು: ಅರಸನು ಬರೆದ ಮತ್ಸ್ಯವಿನೋದ
> ಗಾಳ ಹಾಕುವ ವಿದ್ಯೆ ಆಂಗ್ಲರೊಡನೆ ಬಂದುದೆಂದು ಭಾವಿಸಬೇಕಾಗಿಲ್ಲ. ಕಲ್ಯಾಣ ಚಾಲುಕ್ಯರ ಅರಸನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ‘ಮತ್ಸ್ಯವಿನೋದ’ವೆಂಬ ಪ್ರಕರಣವೇ ಇದೆ. ಮೀನುಗಳ ಬಗೆಗಳು, ಅವಕ್ಕೆ ಹಾಕುವ ಆಹಾರ, ಗಾಳದ ಹುರಿ, ಹಿಡಿಯುವ ಕ್ರಮ ಎಲ್ಲವೂ ಅಲ್ಲಿವೆ. ಭಾರತೀಯ ಮತ್ಸ್ಯಶಾಸ್ತ್ರದ ಹಿರಿಯರಾದ ಸುಂದರಲಾಲ್ ಹೋರಾ 1951ರಲ್ಲಿ ಈ ಪ್ರಕರಣವನ್ನು ವಿದ್ವಲ್ಲೋಕದ ಗಮನಕ್ಕೆ ತಂದರು.

ಹರಿವ ನೀರೇ ಮನೆ

ಮಹಶೀರಿನ ಬದುಕನ್ನು ಬಲ್ಲವನಿಗೆ ಅದರ ಸಂಕಟವೂ ಅರ್ಥವಾಗುತ್ತದೆ. ಬೇಸಗೆಯ ತಿಂಗಳುಗಳನ್ನು ಅದು ಆಳವಾದ ಮಡುಗಳಲ್ಲಿ ಕಳೆಯುತ್ತದೆ. ದಡದ ಮತ್ತಿ, ನೇರಳೆ, ಅತ್ತಿಯ ಮರಗಳಿಂದ ಉದುರಿದ ಹಣ್ಣು ಅದರ ಊಟದ ಒಂದು ಭಾಗ. ಮಳೆಗಾಲ ಬಂದಾಗ ಮೇಲ್ಮುಖವಾಗಿ ಹೊರಟು, ಪ್ರಾಣವಾಯು ಸಮೃದ್ಧವಾಗಿರುವ, ರಭಸದಿಂದ ಹರಿಯುವ ನೀರಿನಲ್ಲಿ, ಜಲ್ಲಿಯ ಸಂದುಗಳ ನಡುವೆ ಮೊಟ್ಟೆಯಿಡುತ್ತದೆ. ಸಂದುಗಳಲ್ಲಿ ನೀರು ಆಡುತ್ತಿದ್ದರೆ ಮಾತ್ರ ಮೊಟ್ಟೆ ಉಸಿರಾಡುತ್ತದೆ. ಮೇಲೆ ಹೂಳು ಕುಳಿತರೆ ಅಲ್ಲಿಯೇ ಕೊಳೆಯುತ್ತದೆ.

ಆದುದರಿಂದ ಈ ಮೀನಿಗೆ ಮಡುವೂ ಬೇಕು, ಜಲ್ಲಿಯೂ ಬೇಕು, ದಡದ ಮರವೂ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಇವುಗಳನ್ನು ಒಂದಕ್ಕೊಂದು ಜೋಡಿಸುವ ತಡೆಯಿಲ್ಲದ ಹರಿವು ಬೇಕು. ಕೆರೆಯಂತೆ ನಿಂತ ಜಲಾಶಯದಲ್ಲಿ ಕಟ್ಲಾ, ಜಿಲೇಬಿಗಳು ಹುಲುಸಾಗಿ ಬೆಳೆದಾವು. ಈ ಮೀನಿನ ವಂಶ ಅಲ್ಲಿ ಬೆಳೆಯದು.

ಈಗ ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಎಂಬ ನಮ್ಮ ನಾಲ್ಕು ತಾಲ್ಲೂಕುಗಳ ನಕ್ಷೆಯನ್ನು ಎದುರಿಗಿಟ್ಟುಕೊಂಡು ನೋಡಬೇಕು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯು 1930ರ ದಶಕದ ಆದಿಯಲ್ಲಿ ಪೂರ್ಣವಾದಾಗ ಕಾವೇರಿಯ ಮಧ್ಯದಲ್ಲಿ ಬಾಗಿಲೊಂದು ಮುಚ್ಚಿತು. ಕೃಷ್ಣರಾಜನಗರ ಸೀಮೆಯ ಕಾವೇರಿ, ಹುಣಸೂರಿನ ಲಕ್ಷ್ಮಣತೀರ್ಥ, ಹಾಸನದ ಹೇಮಾವತಿ ಮೂರೂ ಒಂದೇ ಹಿನ್ನೀರಿಗೆ ಬಂದು ಬೀಳುವಂತಾಯಿತು. ಆದರೆ ಕಬಿನಿ ಆಗ ಇನ್ನೂ ಸ್ವತಂತ್ರಳು. ವಯನಾಡಿನಿಂದ ಹೊರಟು, ಹೆಗ್ಗಡದೇವನಕೋಟೆಯ ಕಾಡುಗಳನ್ನು ಹಾದು, ನಂಜನಗೂಡನ್ನು ಮುಟ್ಟಿ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುವವರೆಗೆ ಅವಳಿಗೆ ದೊಡ್ಡ ತಡೆಯೆಂಬುದಿರಲಿಲ್ಲ. 120 ಪೌಂಡಿನ ಆ ಮೀನು ಕಬಿನಿಯಲ್ಲಿ ದೊರೆತುದು ಕೇವಲ ಅದೃಷ್ಟವೆಂದು ನನಗೆ ತೋರುವುದಿಲ್ಲ. ಅಷ್ಟು ಹಿರಿಯ ಜೀವವನ್ನು ಸಾಕಬಲ್ಲ ಅಖಂಡವಾದ ಹೊಳೆ ಅಂದು ಅಲ್ಲಿತ್ತು.

1974ರಲ್ಲಿ ಬೀಚನಹಳ್ಳಿಯ ಅಣೆಕಟ್ಟೆ ಸಿದ್ಧವಾಯಿತು. 1979ರಲ್ಲಿ ಹೇಮಾವತಿ, 1982ರಲ್ಲಿ ಹಾರಂಗಿ. ಎರಡು ತಲೆಮಾರಿನೊಳಗೆ ಮೇಲಿನ ಕಾವೇರಿಯ ಹಿರಿಯ ಉಪನದಿಗಳಿಗೆಲ್ಲ ಗೋಡೆ ಬಂತು. ಈ ಕಟ್ಟೆಗಳು ಅನ್ನವನ್ನು ಕೊಟ್ಟಿವೆ, ನಗರಗಳಿಗೆ ಕುಡಿಯುವ ನೀರನ್ನು ಕೊಟ್ಟಿವೆ; ಅವನ್ನು ಕಟ್ಟಿದುದೇ ತಪ್ಪೆಂದು ವಾದಿಸುವುದು ಕೃತಘ್ನತೆಯಾದೀತು. ಆದರೆ ಕಟ್ಟುವಾಗ ನೀರಿನೊಳಗಿನ ಪ್ರಾಣಿಗೆ ಏನಾದೀತೆಂದು ಕೇಳಬೇಕಾಗಿತ್ತು. ಕಟ್ಟಿದ ಮೇಲಾದರೂ ಕೇಳಬಹುದಾಗಿತ್ತು.

ಅರಸರ ಕಾಲದ ಹಳೆಯ ಕಟ್ಟೆಗಳು ಬೇರೊಂದು ಬಗೆಯವು. ಕೃಷ್ಣರಾಜನಗರದ ಚಾಮರಾಜ ಕಟ್ಟೆಯಾಗಲಿ, ಲಕ್ಷ್ಮಣತೀರ್ಥಕ್ಕೆ ಹನಗೋಡಿನಲ್ಲಿ ಹಾಕಿರುವ ಕಟ್ಟೆಯಾಗಲಿ, ಹೊಳೆಯನ್ನು ಸ್ವಲ್ಪ ತಡೆದು ನಾಲೆಗೆ ತಿರುಗಿಸುವ ತಗ್ಗಾದ ಅಡ್ಡಗಟ್ಟುಗಳು. ನೆರೆ ಬಂದಾಗ ನೀರು ಅವುಗಳ ನೆತ್ತಿಯ ಮೇಲೆಯೇ ಹರಿಯುತ್ತದೆ. ಬೇಸಗೆಯಲ್ಲಿ ಮಾತ್ರ ಇವೂ ಕೆಳಗಿನ ಹೊಳೆಯನ್ನು ಒಣಗಿಸಬಲ್ಲುವು.

> ಚೌಕಟ್ಟು: ನಾಲ್ಕು ತಾಲ್ಲೂಕು, ಮೂರು ಹೊಳೆ
> ಕಾವೇರಿ: ಕುಶಾಲನಗರದ ಬಳಿ ಕೊಡಗನ್ನು ಬಿಟ್ಟು ಪಿರಿಯಾಪಟ್ಟಣದ ಅಂಚನ್ನು ಹಾದು, ಕೃಷ್ಣರಾಜನಗರ ಸೀಮೆಯ ಚುಂಚನಕಟ್ಟೆಯಲ್ಲಿ ಧುಮುಕಿ, ಕನ್ನಂಬಾಡಿಯ ಹಿನ್ನೀರನ್ನು ಸೇರುತ್ತಾಳೆ.
> ಲಕ್ಷ್ಮಣತೀರ್ಥ: ಬ್ರಹ್ಮಗಿರಿಯ ಇರ್ಪುವಿನ ಕಡೆಯಿಂದ ಬಂದು, ಹನಗೋಡು, ಹುಣಸೂರು ಪಟ್ಟಣಗಳ ಮೂಲಕ ಅದೇ ಹಿನ್ನೀರಿಗೆ ಸೇರುತ್ತದೆ.
> ಕಬಿನಿ: ವಯನಾಡಿನಿಂದ ಹೆಗ್ಗಡದೇವನಕೋಟೆಗೆ ಬಂದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯೊಡನೆ ಸಂಗಮಿಸುತ್ತಾಳೆ.

ಉಪಕಾರವೆಂದು ಮಾಡಿದ ಅಪಕಾರ

ಅಣೆಕಟ್ಟೆಯ ಕಥೆ ಎಲ್ಲರಿಗೂ ಊಹೆಗೆ ಬರುವಂಥದು. ಇನ್ನೊಂದು ಕಥೆ ಹಾಗಲ್ಲ. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಮಹಶೀರುಗಳು ಕ್ಷೀಣಿಸುತ್ತಿವೆಯೆಂಬ ಕಳವಳ 1970ರ ದಶಕದ ಹೊತ್ತಿಗೇ ದೇಶದಲ್ಲಿ ಹಬ್ಬಿತ್ತು. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯವರು ತಮ್ಮ ಜಲಾಶಯದ ದಡದಲ್ಲಿ ಮಹಶೀರಿನ ಮೊಟ್ಟೆಯನ್ನು ಕೃತಕವಾಗಿ ಫಲಗೊಳಿಸಿ ಮರಿಮಾಡುವ ವಿದ್ಯೆಯನ್ನು ಸಾಧಿಸಿದರು. ಪ್ರಶಂಸನೀಯವಾದ ಸಾಧನೆಯೇ ಸರಿ. ಅಲ್ಲಿ ಹುಟ್ಟಿದ ಮರಿಗಳು ದೇಶದ ಹಲವು ನದಿಗಳಿಗೆ ಹೋದುವು, ಕಾವೇರಿಗೂ ಬಂದುವು. ಮುಂದೆ ಕೊಡಗಿನ ಹಾರಂಗಿಯಲ್ಲಿಯೂ ಮರಿ ಮಾಡುವ ಕೇಂದ್ರವಾಯಿತು.

ಆದರೆ ಆ ಮರಿಗಳು ನಮ್ಮ ಡುಬ್ಬದ ಮೀನಿನವಲ್ಲ. ಅವು ನೀಲರೆಕ್ಕೆಯ ಮಹಶೀರ್, ‘ಟಾರ್ ಖುದ್ರೀ’. ಕರ್ನಲ್ ಸೈಕ್ಸ್ ಎಂಬಾತನು 1839ರಲ್ಲಿ ಪುಣೆಯ ಕಡೆಯ ಹೊಳೆಗಳಿಂದ ವರ್ಣಿಸಿದ, ಕೃಷ್ಣಾ ಜಲಾನಯನದ ಮೀನು. ಮಹಶೀರೆಲ್ಲ ಒಂದೇ ಎಂಬ ನಂಬಿಕೆಯಿಂದ ಒಂದು ನದಿಯ ಸಂತತಿಯನ್ನು ಇನ್ನೊಂದು ನದಿಗೆ ಸುರಿದೆವು. ಬಂದ ಮೀನು ಚುರುಕಿನದು, ಹೊಸ ಸ್ಥಳಕ್ಕೆ ಬೇಗ ಹೊಂದಿಕೊಳ್ಳುವಂಥದು. ಇದ್ದ ಮೀನು ಹಿಂದೆ ಸರಿಯಿತು.

ಇದಕ್ಕೆ ಪ್ರಮಾಣ ಒದಗಿದ್ದು ಶಿವನಸಮುದ್ರಕ್ಕೂ ಕೆಳಗೆ, ಗಾಳಿಬೋರೆಯ ಗಾಳಗಾರರ ಶಿಬಿರದ ಲೆಕ್ಕದ ಪುಸ್ತಕದಿಂದ. ಅಲ್ಲಿ ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮತ್ತೆ ಹೊಳೆಗೇ ಬಿಡುವ ಪದ್ಧತಿಯಿತ್ತು. 1998ರಿಂದ 2012ರವರೆಗಿನ 23,620 ಗಂಟೆಗಳ ಗಾಳಗಾರಿಕೆಯಲ್ಲಿ ಸಿಕ್ಕ 6,161 ಮಹಶೀರುಗಳ ವಿವರವನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಮೇಲುನೋಟಕ್ಕೆ ಸಿಕ್ಕುವ ಮೀನಿನ ಸಂಖ್ಯೆ ಏರಿತ್ತು. ಹೊಳೆ ಸುಖವಾಗಿದೆಯೆಂದು ಯಾರಾದರೂ ಹೇಳಬಹುದಾಗಿತ್ತು. ಬಿಡಿಸಿ ನೋಡಿದಾಗ ಏರಿದುದೆಲ್ಲ ನೀಲರೆಕ್ಕೆಯದೇ. ಡುಬ್ಬದ ಮೀನು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತ, ಸಿಕ್ಕಿದ್ದು ಮಾತ್ರ ತೂಕದಲ್ಲಿ ಹೆಚ್ಚುತ್ತ ಹೋಗಿತ್ತು.

ಈ ಕೊನೆಯ ಮಾತಿನ ಅರ್ಥವನ್ನು ನಿಧಾನವಾಗಿ ಗ್ರಹಿಸಬೇಕು. ಸಿಕ್ಕುವ ಮೀನು ದೊಡ್ಡದಾಗುತ್ತಿದೆಯೆಂದರೆ ಮರಿಗಳು ಬರುತ್ತಿಲ್ಲವೆಂದು ಅರ್ಥ. ಶಾಲೆ ಮುಚ್ಚಿ, ಜಗಲಿಗಳಲ್ಲಿ ಮುದುಕರಷ್ಟೇ ಉಳಿದ ಊರಿನ ಸ್ಥಿತಿ ಅದು.

ಹೆಸರಿಲ್ಲದ ಪ್ರಸಿದ್ಧ

ಎಲ್ಲಕ್ಕಿಂತ ವಿಷಾದದ ಸಂಗತಿಯೆಂದರೆ, ಜಗತ್ತಿನ ಗಾಳಗಾರರೆಲ್ಲ ಬಲ್ಲ ಈ ಮೀನಿಗೆ 2018ರವರೆಗೆ ಶಾಸ್ತ್ರಸಮ್ಮತವಾದ ಹೆಸರೇ ಖಚಿತವಾಗಿರಲಿಲ್ಲ. ಬಹುಕಾಲ ಅದನ್ನು ‘ಟಾರ್ ಮುಸ್ಸುಲ್ಲ’ ಎನ್ನುತ್ತಿದ್ದರು. ಆ ಹೆಸರು ಕೃಷ್ಣಾ ಸೀಮೆಯ ಬೇರೆಯೇ ಒಂದು ಮೀನಿಗೆ ಸಲ್ಲತಕ್ಕದ್ದೆಂದು ಆಮೇಲೆ ತಿಳಿಯಿತು. ಹೆಸರಿಲ್ಲದ ಜೀವಿಯನ್ನು ಅಳಿವಿನ ಪಟ್ಟಿಗೆ ಸೇರಿಸುವಂತಿಲ್ಲ. ಪಟ್ಟಿಯಲ್ಲಿ ಇಲ್ಲದುದಕ್ಕೆ ರಕ್ಷಣೆಯನ್ನು ಕೇಳುವಂತಿಲ್ಲ.

ಬಿಡುಗಡೆ ಬಂದದ್ದು ಅನಿರೀಕ್ಷಿತವಾದ ದಿಕ್ಕಿನಿಂದ. ಕೇರಳದ ಚಿನ್ನಾರ್ ಕಾಡಿನಲ್ಲಿ ಹರಿಯುವ, ಕಾವೇರಿಯ ವ್ಯವಸ್ಥೆಗೇ ಸೇರಿದ ಪಾಂಬಾರ್ ಎಂಬ ಚಿಕ್ಕ ಹೊಳೆಯ ಮಹಶೀರೊಂದನ್ನು ಕುರುಪ್ ಮತ್ತು ರಾಧಾಕೃಷ್ಣನ್ 2007ರಲ್ಲಿ ವರ್ಣಿಸಿ, ಭಾರತೀಯ ಪ್ರಾಣಿಸರ್ವೇಕ್ಷಣದ ವಿದುಷಿ ರೆಮಾದೇವಿಯವರ ಗೌರವಾರ್ಥ ‘ಟಾರ್ ರೆಮಾದೇವಿ’ ಎಂದು ನಾಮಕರಣ ಮಾಡಿದ್ದರು. ಪಿಂಡರ್ ಮತ್ತು ಸಂಗಡಿಗರು ಮೋಯಾರ್ ನದಿಯಿಂದ ದೊರಕಿಸಿದ ಡುಬ್ಬದ ಮೀನಿನ ಅಂಗಲಕ್ಷಣಗಳನ್ನೂ ಆನುವಂಶಿಕ ಪರೀಕ್ಷೆಯನ್ನೂ ಹೋಲಿಸಿ, ಎರಡೂ ಒಂದೇ ಕುಲವೆಂದು 2018ರಲ್ಲಿ ತೋರಿಸಿದರು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ತನ್ನ ಕೆಂಪುಪಟ್ಟಿಯಲ್ಲಿ ‘ತೀವ್ರ ಅಳಿವಿನಂಚಿನಲ್ಲಿರುವ’ ವರ್ಗಕ್ಕೆ ಸೇರಿಸಿತು. ಅದಕ್ಕಿಂತ ಮುಂದಿನ ಮೆಟ್ಟಿಲು ಸಹಜ ನೆಲೆಯಿಂದ ಕಣ್ಮರೆಯಾಗುವುದೇ.

> ಚೌಕಟ್ಟು: ಗುರುತು ಹಿಡಿಯುವುದು ಹೇಗೆ?
> ಬಾಯಿಂದ ಬೆನ್ನುರೆಕ್ಕೆಯ ಬುಡದವರೆಗೆ ಎದ್ದ ಡುಬ್ಬ. ಕಿತ್ತಳೆ ಬಣ್ಣದ ರೆಕ್ಕೆ ಮತ್ತು ಬಾಲ. ಬಾಯಿಯ ಬಳಿ ಎರಡು ಜೊತೆ ಮೀಸೆ. ದೊಡ್ಡ ಮೀನಿನಲ್ಲಿ ಅಂಗೈಯಗಲದ ಹುರುಪೆ. ನೀಲರೆಕ್ಕೆಯದಕ್ಕೆ ಈ ಡುಬ್ಬವಿಲ್ಲ. ರೆಕ್ಕೆಗಳಲ್ಲಿ ನೀಲಿ ಛಾಯೆ.

ಹೊಳೆಯ ದಿನನಿತ್ಯದ ಗಾಯಗಳು

ಹುಣಸೂರಿನ ಸೇತುವೆಯ ಮೇಲೆ ನಿಂತು ಬೇಸಗೆಯಲ್ಲಿ ಲಕ್ಷ್ಮಣತೀರ್ಥವನ್ನು ನೋಡಿದವರಿಗೆ ಹೆಚ್ಚು ವಿವರಣೆ ಬೇಕಾಗಿಲ್ಲ. ಬ್ರಹ್ಮಗಿರಿಯಲ್ಲಿ ತೀರ್ಥವೆಂದು ತಲೆಗೆ ಪ್ರೋಕ್ಷಿಸಿಕೊಳ್ಳುವ ನೀರು ಪಟ್ಟಣದ ಚರಂಡಿಗಳನ್ನು ಕೂಡಿಕೊಂಡು, ಕಪ್ಪಾಗಿ, ಅಂತರಗಂಗೆಯ ಹಸುರು ಹೊದಿಕೆಯ ಕೆಳಗೆ ನಿಂತಿರುತ್ತದೆ. ಆ ನೀರಿನಲ್ಲಿ ಪ್ರಾಣವಾಯುವೆಂಬುದು ಹೆಸರಿಗಷ್ಟೆ. ಮಹಶೀರಿನ ಮಾತಿರಲಿ, ಸಾಧಾರಣವಾದ ಗೆಂಡೆಯೂ ಅಲ್ಲಿ ಬಾಳಲಾರದು.

ಮೇಲಿನ ಕೊಡಗಿನಲ್ಲಿ ಕಾಫಿಯ ಹಣ್ಣನ್ನು ಪಲ್ಪಿಂಗ್ ಮಾಡುವ ಕಾಲವೂ ಹೊಳೆಯಲ್ಲಿ ನೀರು ಇಳಿಯುವ ಕಾಲವೂ ಒಂದೇ. ಸಂಸ್ಕರಿಸದೆ ಬಿಟ್ಟ ತೊಳೆನೀರು ಕೊಳೆಯುತ್ತ ನೀರಿನಲ್ಲಿದ್ದ ಉಸಿರನ್ನೆಲ್ಲ ಹೀರಿಬಿಡುತ್ತದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಹೊಲಗಳಲ್ಲಿ ಹೊಗೆಸೊಪ್ಪಿನ ಬೆಳೆ. ಎಲೆ ಹದಮಾಡುವ ಬ್ಯಾರನ್ನುಗಳಿಗೆ ಸೌದೆ ಬೇಕು, ಬೆಳೆಗೆ ಔಷಧ ಬೇಕು. ಮರ ಹೋದ ದಡ ಮಳೆಗೆ ಜರಿಯುತ್ತದೆ. ಔಷಧ ಮಳೆನೀರಿನೊಡನೆ ಹೊಳೆಗೆ ಇಳಿಯುತ್ತದೆ. ಈ ಬೆಳೆಯನ್ನೇ ನಂಬಿದ ಕುಟುಂಬಗಳ ಮೇಲೆ ದೋಷವನ್ನು ಹೊರಿಸುವುದು ನ್ಯಾಯವಲ್ಲ. ಆದರೆ ದಡದ ಹತ್ತು ಮಾರು ನೆಲದಲ್ಲಿ ನೇರಳೆ, ಹೊಂಗೆ, ಅತ್ತಿಗಳನ್ನು ಉಳಿಸಿಕೊಂಡರೆ ರೈತನ ಹೊಲವೂ ಉಳಿಯುತ್ತದೆ.

ಮರಳಿನ ವಿಷಯದಲ್ಲಿ ಮಾತ್ರ ಇಷ್ಟು ಸೌಮ್ಯವಾಗಿ ಮಾತಾಡಲು ನನ್ನಿಂದಾಗದು. ಹೊಳೆಯ ಮರಳನ್ನೂ ಜಲ್ಲಿಯನ್ನೂ ಬಗೆದು ಸಾಗಿಸುವವನು ಮೀನಿನ ತೊಟ್ಟಿಲನ್ನೇ ಕದ್ದೊಯ್ಯುತ್ತಾನೆ. ಮಡುವಿಗೆ ತೋಟೆ ಎಸೆಯುವವನು, ಬ್ಲೀಚಿಂಗ್ ಪುಡಿ ಸುರಿಯುವವನು, ಒಂದು ಹೊತ್ತಿನ ಬೇಟೆಗಾಗಿ ಒಂದು ತಲೆಮಾರನ್ನು ಕೊಲ್ಲುತ್ತಾನೆ. ಕೈಗೆ ಸಿಕ್ಕುವುದು ತೇಲಿದ ಕೆಲವು ಮಾತ್ರ, ತಳಕ್ಕೆ ಮುಳುಗಿದ ಮರಿಗಳು ಯಾರ ಲೆಕ್ಕಕ್ಕೂ ಬರುವುದಿಲ್ಲ.

ದೇವರ ಮಡು, ಜನರ ಕಾವಲು

ನಮ್ಮ ಹಿರಿಯರಿಗೆ ಮೀನನ್ನು ಕಾಯುವ ವಿದ್ಯೆ ತಿಳಿದಿರಲಿಲ್ಲವೆಂದಲ್ಲ. ಕಾವೇರಿ ಪಿರಿಯಾಪಟ್ಟಣದ ಸೀಮೆಯನ್ನು ಬಳಸಿ ಹರಿಯುವಲ್ಲಿಗೆ ಹತ್ತಿರದಲ್ಲೇ ಇರುವ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ರಾಮೇಶ್ವರನ ಗುಡಿಯ ಮುಂದಿನ ವಹ್ನಿಪುಷ್ಕರಿಣಿಯೆಂಬ ಮಡುವಿನ ಮೀನನ್ನು ಯಾರೂ ಮುಟ್ಟುವಂತಿಲ್ಲ. ಸೋಪಾನದ ಮೇಲೆ ಕುಳಿತು ಪುರಿ ಎರಚಿದರೆ ನೀರು ಕುದಿದಂತೆ ಮೀನುಗಳು ಮೇಲೇಳುತ್ತವೆ. ಶೃಂಗೇರಿಯ ತುಂಗೆಯಲ್ಲಿಯೂ ಇದೇ ಭಕ್ತಿ. ಕೊಡಗಿನ ವಾಲ್ನೂರಿನಲ್ಲಿ ಕೂರ್ಗ್ ವನ್ಯಜೀವಿ ಸಂಘದವರು ಕಾವೇರಿಯ ಒಂದು ಪಾತ್ರಕ್ಕೆ ಕಾವಲಿದ್ದು ಮಹಶೀರುಗಳನ್ನು ಉಳಿಸಿಕೊಂಡು ಬಂದಿದ್ದಾರೆ.

ಆದರೆ ಗುಡಿಯ ಮುಂದಿನ ಮಡು ಮೀನಿಗೆ ಆಶ್ರಯವನ್ನು ಕೊಟ್ಟೀತು, ದಾರಿಯನ್ನು ಕೊಡಲಾರದು. ಬೇಸಗೆಯಲ್ಲಿ ರಕ್ಷಿತವಾದ ಮೀನು ಆಷಾಢದಲ್ಲಿ ಹೊರಟು ಜಲ್ಲಿಹಾಸನ್ನು ಸೇರದೆ ಹೋದರೆ, ಭಕ್ತರು ಎರಚಿದ ಪುರಿಯಿಂದ ಅದರ ವಂಶ ಬೆಳೆಯುವುದಿಲ್ಲ.

ಸರ್ಕಾರದ ಕ್ರಮಗಳೂ ಮಿಶ್ರಫಲವನ್ನು ಕೊಟ್ಟಿವೆ. 1972ರ ವನ್ಯಜೀವಿ ಕಾಯಿದೆಯನ್ನು ಹೊಸದಾಗಿ ಅರ್ಥೈಸಿ ರಕ್ಷಿತಾರಣ್ಯಗಳಲ್ಲಿ ಗಾಳ ಹಾಕುವುದನ್ನು ನಿಷೇಧಿಸಿದಾಗ, 2012ರ ವೇಳೆಗೆ ಗಾಳಿಬೋರೆ, ಭೀಮೇಶ್ವರಿ, ದೊಡ್ಡಮಾಕಳಿಯ ಗಾಳಗಾರಿಕೆ ನಿಂತಿತು. ಬೇಟೆಯ ವಿನೋದ ಅಭಯಾರಣ್ಯದಲ್ಲಿ ಸಲ್ಲದೆಂಬ ವಾದಕ್ಕೆ ಬಲವಿದೆ. ಆದರೆ ಅದರೊಡನೆ, ತೋಟೆಯವರನ್ನು ದೂರವಿಟ್ಟಿದ್ದ ಕಾವಲುಗಾರರ ಕಣ್ಣೂ, ವರ್ಷವರ್ಷ ಮೀನನ್ನು ಎಣಿಸುತ್ತಿದ್ದ ಪುಸ್ತಕವೂ ಹೊಳೆಯ ದಡದಿಂದ ಹೋದುವು. ಈಗ ಮೇಕೆದಾಟಿನಲ್ಲಿ ಸುಮಾರು 67 ಟಿ.ಎಂ.ಸಿ. ನೀರನ್ನು ನಿಲ್ಲಿಸುವ ಯೋಜನೆ ಮುಂದಿದೆ. ಡುಬ್ಬದ ಮೀನು ತೀರ ಇತ್ತೀಚಿನವರೆಗೂ ಕಾಣಿಸಿಕೊಂಡ ಹರಿವು ಅದೇ.

ನಮ್ಮ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಮಾಡಬಹುದಾದ ಕೆಲಸ ಅಸಾಧ್ಯವಾದುದೇನೂ ಅಲ್ಲ. ಮೊದಲನೆಯದು, ನೀಲರೆಕ್ಕೆಯ ಮರಿಗಳನ್ನಾಗಲಿ ಇನ್ನಾವ ಪರಸ್ಥಳದ ಮರಿಗಳನ್ನಾಗಲಿ ಹರಿಯುವ ಹೊಳೆಗೆ ಬಿಡುವುದನ್ನು ಪೂರ್ತಿಯಾಗಿ ನಿಲ್ಲಿಸುವುದು. ಇದಕ್ಕೆ ಹಣ ಬೇಕಾಗಿಲ್ಲ, ಆಜ್ಞೆಯೊಂದು ಸಾಕು. ಹುಣಸೂರಿನ ಚರಂಡಿಯ ನೀರು ಶುದ್ಧವಾಗದೆ ಲಕ್ಷ್ಮಣತೀರ್ಥಕ್ಕೆ ಇಳಿಯಬಾರದು. ಮಳೆಗಾಲದ ಮೊದಲ ನೆರೆಯಷ್ಟನ್ನೂ ಹಿಡಿದಿಡದೆ ಒಂದು ಭಾಗವನ್ನು ಕಬಿನಿಯ ಕೆಳಹೊಳೆಗೆ ಸಹಜವಾದ ಏರಿಳಿತದಲ್ಲಿ ಬಿಟ್ಟರೆ, ಗೋಡೆಯ ಕೆಳಗಿನ ಜಲ್ಲಿಹಾಸಾದರೂ ತೊಳೆದು ಹಸನಾದೀತು.

ಇವೆಲ್ಲಕ್ಕೂ ಮುಂಚೆ, ಆ ಮೀನು ಈ ಹೊಳೆಗಳ ಯಾವ ಯಾವ ಮಡುಗಳಲ್ಲಿ ಉಳಿದಿದೆಯೆಂದು ಹುಡುಕಬೇಕು. ಈಗ ಅದಕ್ಕೆ ಬಲೆಯೂ ಬೇಕಾಗಿಲ್ಲ: ಮೀನಿನ ಮೈಯಿಂದ ಉದುರಿ ನೀರಿನಲ್ಲಿ ತೇಲುವ ಸೂಕ್ಷ್ಮಾಂಶಗಳಿಂದಲೇ ಅದರ ಕುಲವನ್ನು ಹೇಳುವ ಡಿ.ಎನ್.ಎ. ಪರೀಕ್ಷೆ ಬಂದಿದೆ, ಒಂದೊಂದು ಮಡುವಿನಿಂದ ಕೆಲವು ಲೀಟರ್ ನೀರನ್ನು ಸೋಸಿದರೆ ಸಾಕು. ಹೊಳೆ ಇಳಿದು ಮಡುಗಳು ಬೇರೆ ಬೇರೆಯಾಗಿ ನಿಲ್ಲುವ ಮಾರ್ಚ್, ಏಪ್ರಿಲ್ ತಿಂಗಳುಗಳೇ ಇದಕ್ಕೆ ಪ್ರಶಸ್ತವಾದ ಕಾಲ. ಪಿರಿಯಾಪಟ್ಟಣದ ಕಾವೇರಿಯ ಮಡುಗಳಿಂದ ಆರಂಭಿಸಿ, ನಾಗರಹೊಳೆಯ ಅಂಚಿನ ಲಕ್ಷ್ಮಣತೀರ್ಥವನ್ನು ನೋಡಿ, ಕಬಿನಿಯ ಹಿನ್ನೀರಿಗೂ ಮೇಲಿರುವ, ವಯನಾಡಿನ ಗಡಿಯವರೆಗಿನ ಹರಿವನ್ನು ಸೋಸಿ ಬರುವುದು ಅರಣ್ಯ ಇಲಾಖೆ, ಮೀನುಗಾರಿಕೆ ಇಲಾಖೆ, ಮೈಸೂರಿನ ವಿಶ್ವವಿದ್ಯಾನಿಲಯಗಳು ಕೂಡಿ ನಿಂತರೆ ಒಂದೇ ಬೇಸಗೆಯಲ್ಲಿ ಮುಗಿಯುವ ಕೆಲಸ. ಹೊಳೆಯ ಪ್ರತಿಯೊಂದು ಮಡುವಿನ ಹೆಸರನ್ನೂ ಆಳವನ್ನೂ ಬಲ್ಲ ಜೇನುಕುರುಬರು, ಬೆಟ್ಟಕುರುಬರು, ಬೆಸ್ತರು ಅವರ ಜೊತೆಯಲ್ಲಿರಬೇಕು.